ಕೆಂಪು ಬಟ್ಟೆಯೊಳಗಿನ ಅಂಬಿಗಿತ್ತಿ

ಆ ಪುಸ್ತಕಕ್ಕೆ ಕೆಂಪು ಬಟ್ಟೆ ಸುತ್ತಿ ಶಾಸ್ತ್ರಗ್ರಂಥಗಳ ಸಾಲಿನಲ್ಲಿ ಇಟ್ಟಾಗ, ತನ್ನಷ್ಟು ಬುದ್ಧಿವಂತೆ ಜಿನನಾಥಪುರದಲ್ಲೇ ಇಲ್ಲ ಅಂದುಕೊಂಡಿದ್ದಳು ಸಿದ್ಧಿ. ಅವರ ಮನೆಯಲ್ಲಿ ಬಟ್ಟೆ ಸುತ್ತಿದ ಗ್ರಂಥವನ್ನು ಕೈಕಾಲು ತೊಳೆಯದೆ ಯಾರೂ ಮುಟ್ಟುವುದಿಲ್ಲ. ಅಜ್ಜಿ ಅನಂತಮತಿಗೋ ಕಣ್ಣಿಗೆ ಪೊರೆ ಬಂದು ಅಕ್ಷರವೇ ಕಾಣುವುದಿಲ್ಲ. ಅವರಿಗೆ ದಿನಾ ಓದಿ ಹೇಳುವವಳು ಮೊಮ್ಮಗಳೇ. ಇನ್ನು ಕಪಾಟಿಗೆ ಕೈಹಾಕುವವರು ಯಾರು? ಬಚ್ಚಿಡುವ ಉತ್ಸಾಹದಲ್ಲಿ ಸಿದ್ಧಿ ಕ್ಯಾಲೆಂಡರ್ ಕಡೆ ತಿರುಗಿಯೂ ನೋಡಲಿಲ್ಲ. ಮುಂದೆ ಶ್ರುತಪಂಚಮಿ ಬರುತ್ತಿತ್ತು. ಮನೆಮನೆಯ ಗ್ರಂಥಗಳೆಲ್ಲ ಬಸದಿಗೆ ಹೋಗಿ ಪೂಜೆ ಮಾಡಿಸಿಕೊಂಡು ಬರುವ ದಿನ ಅದು.

ಪುಸ್ತಕ ಇಂಗ್ಲಿಷಿನ ಚಿತ್ರಕಾದಂಬರಿ. ನೆರಳು ಕಳೆದುಕೊಂಡ ಒಬ್ಬ ರಾಣಿ, ಮೋಡದ ಮೇಲೆ ದೋಣಿ ನಡೆಸುವ ಒಬ್ಬ ಅಂಬಿಗಿತ್ತಿ. ನೆರಳು ಹುಡುಕಲು ಹೊರಟವರು ಒಬ್ಬರನ್ನೊಬ್ಬರು ಮೆಚ್ಚಿ ಕೂಡಿ ಬಾಳುವ ಕತೆ. ಹೋದ ವರ್ಷ ತೇಜಶ್ರೀ ಇದನ್ನು ಸಿದ್ಧಿಯ ಕೈಗಿಟ್ಟಿದ್ದಳು. ಹೊಳೆನರಸೀಪುರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿರುವ ತೇಜಶ್ರೀಯನ್ನು ಕಂಡರೆ ಸಿದ್ಧಿಗೆ ಎಷ್ಟು ಪ್ರೀತಿ ಎಂಬುದನ್ನು ಅವರಿಬ್ಬರ ಹೊರತು ಯಾರೂ ಬಲ್ಲವರಿಲ್ಲ.

ಮೊದಲ ಸಲ ಓದುವಾಗ ಸಿದ್ಧಿಗೆ ಜೀವದಲ್ಲಿ ಜೀವ ಇರಲಿಲ್ಲ. ಇಂಥ ಹೆಣ್ಣುಗಳನ್ನು ಕತೆಗಾರರು ಕೊನೆಗೆ ಕೆರೆಗೋ ಬೆಂಕಿಗೋ ನೂಕಿಬಿಡುತ್ತಾರೆ ಎಂಬುದು ಅವಳ ಅನುಭವ. ಇಲ್ಲಿ ಹಾಗಾಗಲಿಲ್ಲ. ಇಬ್ಬರೂ ತಲೆ ನರೆತು, ದೋಣಿಗೆ ಬಣ್ಣ ಬಳಿಯುವುದು ಹೇಗೆಂದು ಜಗಳವಾಡುತ್ತಾ ಕೂತಿರುವ ಚಿತ್ರದಲ್ಲಿ ಪುಸ್ತಕ ಮುಗಿಯುತ್ತಿತ್ತು. ಆಮೇಲೆ ಅವಳು ಮತ್ತೆ ಮತ್ತೆ ಓದಿದಳು. ಇವರು ಸಾಯುವುದಿಲ್ಲ ಎಂದು ಗೊತ್ತಿದ್ದು ಓದುವುದೇ ಒಂದು ಸುಖ.

ಶ್ರುತಪಂಚಮಿಯ ದಿನ ಚನ್ನರಾಯಪಟ್ಟಣದ ಲ್ಯಾಬಿನ ಕೆಲಸ ಮುಗಿಸಿ ಬಂದವಳು ನೋಡುತ್ತಾಳೆ, ಕಪಾಟು ಖಾಲಿ! ಅಜ್ಜಿ ನೆರೆಯವರ ಕೈಯಲ್ಲಿ ಎಲ್ಲವನ್ನೂ ಬಸದಿಗೆ ಹೊರಿಸಿದ್ದರು. ಬಸದಿಗೆ ಓಡಿದಳು. ಗ್ರಂಥಗಳ ನಡುವೆ ಅವಳ ರಾಣಿಯೂ ಅಂಬಿಗಿತ್ತಿಯೂ ಗಂಧ ಅಕ್ಷತೆ ಹಾಕಿಸಿಕೊಂಡು ಗಂಭೀರವಾಗಿ ಕೂತಿದ್ದರು. ಸದ್ಯ, ಪೂಜೆಗೆ ಬಟ್ಟೆ ಬಿಚ್ಚುವುದಿಲ್ಲ. ಸಿದ್ಧಿ ಉಸಿರು ಬಿಟ್ಟಳು. ಆದರೆ ಮನೆಗೆ ಬಂದ ಮೇಲೆ ಅಜ್ಜಿ ಒಂದೊಂದೇ ಗ್ರಂಥವನ್ನು ತಡವಿ ನೋಡಿ, ಇದನ್ನು ಮಾತ್ರ ಮಡಿಲಲ್ಲಿ ಇಟ್ಟುಕೊಂಡರು.

"ಇದ್ಯಾವ್ದೇ? ಇದ್ನ ನೀನು ನಂಗೆ ಓದೇ ಇಲ್ವಲ್ಲ."

"ಅದು... ಸುಮ್ನೆ ಕತೆ ಪುಸ್ತಕ ಅಜ್ಜಿ. ಇಂಗ್ಲಿಷು."

"ಕತೆ ಆದ್ರೇನಂತೆ, ಪುರಾಣ ಎಲ್ಲಾ ಕತೇನೇ ಅಲ್ವಾ? ಪೂಜೆ ಆಗಿರೋ ಪುಸ್ತಕ ಓದ್ದೆ ಇಡ್ಬಾರ್ದು ಕಣೆ. ಅರ್ಥ ಏಳ್ಕೊಂಡು ಓದು."

ತಾಯಿ ತೀರಿಹೋದ ಮೇಲೆ ಸಿದ್ಧಿಯನ್ನು ಎತ್ತಿ ಆಡಿಸಿ ಸಾಕಿದವರು ಈ ಅಜ್ಜಿ. ಅವರು ಮುಖ ತಿರುಗಿಸಿದರೆ ಅವಳಿಗೆ ಹೋಗಲು ಇನ್ನೊಂದು ತವರಿಲ್ಲ. ಹೆದರಿದಳು, ಪಾಪ. ಓದುತ್ತಾ ಓದುತ್ತಾ ಅಂಬಿಗಿತ್ತಿಯನ್ನು ಅಂಬಿಗ ಮಾಡಿಬಿಟ್ಟಳು. ಅವನಿಗೆ ಅಗಲವಾದ ಎದೆ ಕೊಟ್ಟಳು, ಮೀಸೆಯನ್ನೂ ಅಂಟಿಸಿದಳು. ಚಿತ್ರದಲ್ಲಿ ಉದ್ದ ಜಡೆಯ ಹೆಣ್ಣು ತನ್ನನ್ನೇ ದಿಟ್ಟಿಸುತ್ತಿರುವಂತೆ ಅನ್ನಿಸಿ, ಹಾಳೆಗಳನ್ನು ಬೇಗ ಬೇಗ ಮಗುಚಿದಳು.

ಅಜ್ಜಿಗೆ ಕತೆ ಬಹಳ ಹಿಡಿಸಿತು. ಹಾಸನದಲ್ಲಿ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. "ಕಣ್ಣು ಬಂದ್ಮೇಲೆ ಮೊದ್ಲು ಆ ಅಂಬಿಗನ ಮೀಸೆ ನೋಡ್ಬೇಕು" ಎಂದು ಬಂದವರಿಗೆಲ್ಲ ಹೇಳಿಕೊಂಡು ನಕ್ಕರು.

ಸಿದ್ಧಿಗೆ ನಗು ಬರಲಿಲ್ಲ. ಅಂದಿನಿಂದ ಆ ಪುಸ್ತಕ ತೆರೆಯಲು ಕೈ ಬರುತ್ತಿರಲಿಲ್ಲ. ಎಷ್ಟೋ ಸಲ ಓದಿ ಸುಖಪಟ್ಟ ಹಾಳೆಗಳು ಈಗ ಅವಳನ್ನು ನಾಚಿಸುತ್ತಿದ್ದವು. ಬಸ್‌ ಸ್ಟ್ಯಾಂಡಿನಲ್ಲಿ ಸಿಕ್ಕ ತೇಜಶ್ರೀ ಎಲ್ಲ ಕೇಳಿಸಿಕೊಂಡು, "ಪುಸ್ತಕಾನ ನಂಗೆ ವಾಪಸ್ ಕೊಟ್ಬುಡು. ಕಳ್ದೋಯ್ತು ಅನ್ನು. ಮುಗೀತಲ್ಲ" ಎಂದಳು. ಅವಳಿಗೂ ಬೇಸರವಾಗಿತ್ತು, ತೋರಿಸಿಕೊಳ್ಳಲಿಲ್ಲ. ಸಿದ್ಧಿ ಹೂಂ ಅಂದಳು. ಪುಸ್ತಕವನ್ನು ಚೀಲಕ್ಕೆ ಹಾಕಿಯೂ ಇಟ್ಟಳು.

ಆ ಭಾನುವಾರ ಮಧ್ಯಾಹ್ನ ಅಜ್ಜಿ ಜಗಲಿಯಲ್ಲಿ ಕೂತು ಕರೆದರು. "ಆ ಮೋಡದ ದೋಣಿ ಕತೆ ಇನ್ನೊಂದ್ಸಲ ಓದೇ. ಒಂದ್ಸಲಕ್ಕೆ ಯಾವ್ದೂ ತಲೆಗೆ ಇಳಿಯಲ್ಲ."

ಕಳೆದುಹೋಯಿತು ಎನ್ನಲು ಸಿದ್ಧಿ ಬಾಯಿ ತೆರೆದಳು. ಇನ್ನೊಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಚೀಲದಿಂದ ಪುಸ್ತಕ ತೆಗೆದು, ಅಜ್ಜಿಯ ಮಗ್ಗುಲಲ್ಲಿ ಕೂತು ಮೊದಲ ಹಾಳೆಯಿಂದ ಓದಿದಳು. ಈ ಸಲ ಜಡೆ ಜಡೆಯಾಗಿಯೇ ಉಳಿಯಿತು. ಅಂಬಿಗಿತ್ತಿ ರಾಣಿಯ ಕೈ ಹಿಡಿದು ದೋಣಿಗೆ ಹತ್ತಿಸಿಕೊಳ್ಳುವ ಕಡೆ ಅಜ್ಜಿ ತಡೆದರು. ಸ್ತೋತ್ರದಲ್ಲಿ ಒಂದು ಸಾಲು ಹಾರಿಸಿದರೂ ಹಿಡಿಯುವ ಕಿವಿ ಅದು.

"ನಿಲ್ಸು. ಮೊದ್ಲು ಗಂಡಸು ಅಂದಿದ್ದೆ."

"ಸುಳ್ಳು ಓದಿದ್ದೆ ಅಜ್ಜಿ. ಪುಸ್ತಕ್ದಲ್ಲಿ ಇರೋದು ಹೆಂಗ್ಸೇ."

"ಯಾಕೆ ಸುಳ್ಳು ಓದ್ದೆ?"

"ಭಯ ಆಯ್ತು."

"ಯಾರ್ ಭಯ?"

"ನಿಂದೇ."

ಅನಂತಮತಿಯವರಿಗೆ ಆ ಮಾತು ಚುರುಕ್ಕೆಂದಿತು. ತಾನು ಸಾಕಿದ ಕೂಸು ತನಗೇ ಹೆದರಿ ಬದುಕುತ್ತಿದೆ ಎಂದರೆ ಯಾವ ಅಜ್ಜಿಗೆ ಚುರುಕ್ಕೆನ್ನುವುದಿಲ್ಲ? ಸೆರಗಿನ ಅಂಚನ್ನು ಬೆರಳಿಗೆ ಸುತ್ತತೊಡಗಿದರು. ಮುಖದಲ್ಲಿ ಸಿಟ್ಟಿತ್ತೋ ದುಃಖವಿತ್ತೋ ಸಿದ್ಧಿಗೆ ತಿಳಿಯಲಿಲ್ಲ. ಅವಳು ಅಳುತ್ತಿದ್ದಳು.

"ಬರೀ ಪುಸ್ತಕದ ಮಾತಾ ಇದು, ನಿನ್ನ ಮಾತೂ ಇದ್ಯಾ?"

"ನಂದೂ ಐತೆ ಅಜ್ಜಿ."

"ಅಂಗಾ." ಅಜ್ಜಿ ತಡವಿ ತಡವಿ ಮೊಮ್ಮಗಳ ಕೆನ್ನೆ ಹುಡುಕಿ, ಒದ್ದೆಯನ್ನು ಅಂಗೈಯಲ್ಲಿ ಒರೆಸಿದರು. "ನಂಗೆ ಇದೆಲ್ಲ ಅರ್ಥ ಆಗಾಕಿಲ್ಲ ಕಣೆ. ಆಯ್ತು ಅಂತ ಸುಳ್ಳು ಏಳಾಕೂ ಬರಾಕಿಲ್ಲ. ಅರ್ಥ ಆಗ್ದಿದ್ದುನ್ನ ಮತ್ತೆ ಓದುಸ್ಕೊತೀನಿ, ಆಗೋಗಂಟ. ನೀನು ಮಾತ್ರ ನಂಗೆ ಎದ್ರುಕೊಂಡು ಓದ್ಬ್ಯಾಡ."

ಸಿದ್ಧಿ ಅಜ್ಜಿಯ ಹೆಗಲಿಗೆ ಮುಖ ಒತ್ತಿದಳು. ಅಜ್ಜಿ ಅವಳ ಬೆನ್ನು ಸವರುತ್ತಾ ಕೇಳಿದರು:

"ಆ ಹುಡ್ಗಿ ಎಸ್ರೇನು?"

"ತೇಜಶ್ರೀ."

"ಬರೋ ಭಾನ್ವಾರ ಊಟಕ್ಕೆ ಕರ್ಕೊಂಡ್ ಬಾ. ಹೊತ್ತು ಮುಳುಗಿದ್ಮೇಲೆ ನಮ್ಮನೇಲಿ ಎಲೆ ಹಾಕಲ್ಲ ಅಂತ ಮೊದ್ಲೇ ಏಳ್ಬುಡು, ಬೇಗ ಬರ್ಲಿ."