ಇಪ್ಪತ್ತಾರನೆಯ ಕಂತು

ನಾನು ಒಂದು ಬೈಂಡು ಪುಸ್ತಕ. ಅಂಗಡಿಯಲ್ಲಿ ಕೊಂಡದ್ದಲ್ಲ, ವಾರಕ್ಕೊಂದಿಷ್ಟು ಕೂಡಿಸಿದ್ದು. ವಾರಪತ್ರಿಕೆ ಬಂದ ದಿನ ಧಾರಾವಾಹಿಯ ಹಾಳೆಗಳನ್ನು ಫೂಟ್‌ಪಟ್ಟಿ ಒತ್ತಿ ಹರಿದು, ಜೋಪಾನವಾಗಿ ಎತ್ತಿಟ್ಟು ಹೊಲಿಸಿದರೆ ನನ್ನಂಥವು ಹುಟ್ಟುತ್ತವೆ. ನನ್ನೊಳಗೆ ಕಥೆಯ ಜೊತೆಗೆ ತಲೆಯೆಣ್ಣೆಯ ಜಾಹೀರಾತೂ ಇದೆ, ಹಾಗಲಕಾಯಿ ಗೊಜ್ಜು ಮಾಡುವ ವಿಧಾನವೂ ಇದೆ. ನಗುವವರು ನಗಲಿ, ನನಗೇನೂ ಬೇಸರವಿಲ್ಲ.

ನನ್ನನ್ನು ಕೂಡಿಸಿದವಳು ಶಕುಂತಲಾ ಹೊಂಬಳ, ಗದಗಿನ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್. ಆಗ ಊರಿಂದೂರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ಇಂಥ ಹೆಣ್ಣುಮಕ್ಕಳು ಬೋರ್ಡಿನ ತೂತಿಗೆ ಪ್ಲಗ್ಗು ಚುಚ್ಚಿ ಲೈನು ಕೊಡುತ್ತಿದ್ದರು. ಅವರು ಒಬ್ಬರನ್ನೊಬ್ಬರು ಹೆಸರಿನಿಂದ ಕರೆಯುತ್ತಿರಲಿಲ್ಲ, ಊರಿನಿಂದ ಕರೆಯುತ್ತಿದ್ದರು. "ಹಲೋ ರಾಯಚೂರು", "ಹೇಳ್ರಿ ಹೊಸಪೇಟಿ". ಮುಖ ನೋಡಿದವರಂತೂ ಯಾರೂ ಇಲ್ಲ.

ಧಾರಾವಾಹಿಯ ಹೆಸರು 'ಶನಿಯಾಚೆ ಒಂದು ದೀಪ'. ಶನಿಗ್ರಹದ ಆಚೆ ಒಂದು ನಿಲ್ದಾಣ, ಅಲ್ಲಿ ಒಬ್ಬಳೇ ಕುಳಿತು ಭೂಮಿಯ ಕರೆಗಳನ್ನು ದೂರದ ನೌಕೆಗಳಿಗೆ ಜೋಡಿಸುವ ಹೆಣ್ಣು. ನಿಲ್ದಾಣದ ನಂಬರು ಏಳು, ಅವಳನ್ನೂ ಎಲ್ಲರೂ 'ಏಳು' ಎಂದೇ ಕರೆಯುತ್ತಾರೆ. ಅವಳ ಹೆಸರನ್ನು ಯಾರೂ ಕೇಳುವುದಿಲ್ಲ. ಇದೇನು ತಲೆಕೆಟ್ಟ ಕಥೆ ಎಂದು ಪತ್ರಿಕೆಗೆ ಬೈದು ಬರೆದವರೇ ಹೆಚ್ಚಂತೆ. ವಿಜ್ಞಾನವೂ ಅಷ್ಟಕ್ಕಷ್ಟೆ, ಒಂದು ಕಂತಿನಲ್ಲಿ ಶನಿಗೆ ಎರಡು ಬಳೆ, ಇನ್ನೊಂದರಲ್ಲಿ ಐದು! ಆದರೆ ಶಕುಂತಲಾ ಮೊದಲ ಕಂತು ಓದಿದವಳೇ, "ಅಯ್ಯ ಶಿವನ, ಇದು ನಮ್ಮ ಕಥಿನ ಐತಲ್ಲ!" ಎಂದಳು. ನಾನು ರದ್ದಿಗೆ ಹೋಗದೆ ಉಳಿದದ್ದು ಆ ಒಂದು ಮಾತಿನಿಂದ.

ಒಟ್ಟು ಇಪ್ಪತ್ತಾರು ಕಂತು ಎಂದಿದ್ದರು. ಇಪ್ಪತ್ತೈದನೆಯದರಲ್ಲಿ ನಿಲ್ದಾಣ ಕೆಡುತ್ತದೆ. ಬೋರ್ಡಿನ ದೀಪಗಳೆಲ್ಲ ಆರಿ ಒಂದು ಮಾತ್ರ ಮಿನುಗುತ್ತದೆ. ಆ ಕರೆ ಯಾರದು? ಮುಂದಿನ ವಾರ ಮುಕ್ತಾಯ. ಆ ಮುಂದಿನ ವಾರ ಬರಲೇ ಇಲ್ಲ, ಪತ್ರಿಕೆಯೇ ನಿಂತುಹೋಯಿತು. ಬೈಂಡರ್ ಚನ್ನವೀರಪ್ಪ ನನ್ನ ಕೊನೆಗೆ ನಾಲ್ಕು ಬಿಳಿ ಹಾಳೆ ಸೇರಿಸಿ ಹೊಲಿದು, "ಎಂದರ ಸಿಕ್ಕರ ಅಂಟಿಸ್ಕೋರಿ, ಅಕ್ಕಾರ" ಎಂದ.

ಮಧ್ಯಾಹ್ನ ಎರಡರಿಂದ ಮೂರರವರೆಗೆ ಅಂಗಡಿಗಳು ಮುಚ್ಚಿರುತ್ತಿದ್ದವು, ಲೈನು ಖಾಲಿ. ಆಗ ಶಕುಂತಲಾ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಬಳ್ಳಾರಿಗೆ ಓದಿ ಹೇಳುತ್ತಿದ್ದಳು. ಬಳ್ಳಾರಿಯ ಬೋರ್ಡಿನಲ್ಲಿ ಕೂರುತ್ತಿದ್ದವಳಿಗೆ ಈ ಕಥೆಯ ಸುದ್ದಿ ತಡವಾಗಿ ತಲುಪಿತ್ತು, ಹಳೆಯ ಸಂಚಿಕೆಗಳು ಎಲ್ಲೂ ಸಿಕ್ಕಿರಲಿಲ್ಲ. ತನ್ನ ಹೆಸರು ಜೈತೂನ್ ಎಂದು ಒಮ್ಮೆ ಮಾತ್ರ ಹೇಳಿದ್ದಳು. "ನಿಧಾನಕ್ಕೆ ಓದು ಗದಗ. ನೀನು ಹಾಳೆ ತಿರುವಿದ ಸದ್ದು ಕೇಳಿದ್ರೆ ನಂಗೆ ಎದೆ ಡವಡವ ಅಂತೈತೆ" ಎನ್ನುತ್ತಿದ್ದಳು. ಅಂತ್ಯ ಇದೆಯೇ ಎಂದು ಕೇಳಿದಾಗ ಶಕುಂತಲಾ ಜಂಬದಿಂದ, "ಐತಿ, ಇಪ್ಪತ್ತಾರೂ ಅದಾವು" ಎಂದುಬಿಟ್ಟಳು. ಇವಳ ಬಾಯಿಗೆ ಬೀಗ ಹಾಕಬೇಕು ಎನಿಸಿತು ನನಗೆ.

ಒಂದು ದಿನ ಸೂಪರ್‌ವೈಸರ್ ವಾಮನರಾಯರು ತಮ್ಮ ಮೇಜಿನಿಂದಲೇ ಲೈನಿನೊಳಗೆ ಕಿವಿ ಇಟ್ಟು ಓದುವುದನ್ನು ಕೇಳಿಸಿಕೊಂಡರು. ಮೆಮೊ ಬಂತು. "ಇನ್ನೊಮ್ಮೆ ಸಿಕ್ಕರ ವರ್ಗಾನ. ಮನ್ಯಾಗ ನಿಮ್ಮವ್ವ ಹಾಸಿಗಿ ಹಿಡದಾಳ, ಕಥಿ ಓದಕೋತ ಕುಂಡ್ರಬ್ಯಾಡ" ಎಂದರು. ಅದೇ ವಾರ ಬಳ್ಳಾರಿಯಿಂದ ಇನ್ನೊಂದು ಸುದ್ದಿ.

"ಗದಗ, ಗಂಟಲಲ್ಲಿ ಗಂಟು ಐತಂತೆ. ನಾಳೆ ಆಪರೇಶನ್ನಿಗೆ ಆಸ್ಪತ್ರೆಗೆ ಸೇರಿಸ್ತಾರೆ. ದನಿ ಉಳಿಯೋದು ಗ್ಯಾರಂಟಿ ಇಲ್ಲ ಅಂದ್ರು ಡಾಕ್ಟ್ರು." ಆಪರೇಟರಿಗೆ ದನಿಯೇ ಅನ್ನ. ಜೈತೂನ್ ಮುಂದುವರಿದು, "ಆ ಕೊನೇ ಕಂತು ಓದಿಬಿಡು. ಏಳು ಉಳೀತಾಳಾ ಇಲ್ಲಾ ಅಂತ ತಿಳ್ಕೊಂಡು ಹೋಗ್ತೀನಿ" ಎಂದಳು.

ಶಕುಂತಲಾ ನನ್ನ ಕೊನೆಯನ್ನು ತೆರೆದಳು. ಬಿಳಿ ಹಾಳೆ. ಅಷ್ಟರಲ್ಲಿ ಲೈನಿನಲ್ಲಿ 'ಟಕ್' ಎಂದಿತು. ರಾಯರು ಕಿವಿ ಇಟ್ಟಿದ್ದರು. ನಿಲ್ಲಿಸೇ ಮಾರಾಯ್ತಿ, ನಿನ್ನ ನೌಕರಿ, ನಿನ್ನ ಅವ್ವ ಎಂದು ನನಗೆ ಕೂಗಬೇಕೆನಿಸಿತು. ಅವಳಿಗೂ ಆ ಸದ್ದು ಕೇಳಿತ್ತು. ನನ್ನನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಳು, ಅಂಗೈಯ ಬೆವರು ನನ್ನ ಹಾಳೆಗೆ ಇಳಿಯಿತು. ಗಂಟಲು ಸರಿಮಾಡಿಕೊಂಡು ಇಲ್ಲದ ಅಕ್ಷರಗಳನ್ನು ಓದತೊಡಗಿದಳು.

"ಏಳು ಆ ಕೊನೆಯ ದೀಪಕ್ಕೆ ಪ್ಲಗ್ಗು ಚುಚ್ಚಿದಳು. 'ಯಾರಿಗೆ ಲೈನು ಕೊಡಲಿ?' ಎಂದಳು. ಆ ಕಡೆಯ ದನಿ, 'ಯಾರಿಗೂ ಬೇಡ, ಕರೆ ನಿಮಗೇ. ನಿಮ್ಮ ಹೆಸರೇನು?' ಎಂದಿತು. ಅಷ್ಟು ವರ್ಷಗಳಲ್ಲಿ ಅದನ್ನು ಕೇಳಿದವರೇ ಇರಲಿಲ್ಲ. 'ನನ್ನ ಹೆಸರು ಜೈತೂನ್' ಎಂದಳು. 'ಜೈತೂನ್, ನಾವು ಹೊರಟಿದ್ದೇವೆ. ನೀನು ಮಾತಾಡುತ್ತಿರು. ನಿನ್ನ ದನಿಯ ಜಾಡು ಹಿಡಿದೇ ಬರುತ್ತೇವೆ.'"

ಹೀಗೆ ಹತ್ತು ನಿಮಿಷ ಓದಿದಳು. ಆ ಕಡೆಯಿಂದ ಬರೀ ಉಸಿರು. ರಾಯರು ಮುಕ್ತಾಯದವರೆಗೂ ಕೇಳಿ, ಆಮೇಲೆ ಮೆಮೊ ಬರೆದರು! ಶಕುಂತಲೆಗೆ ಯಾದಗಿರಿಗೆ ವರ್ಗವಾಯಿತು. ಹಾಸಿಗೆ ಹಿಡಿದ ಅವ್ವನನ್ನೂ ನನ್ನನ್ನೂ ಒಂದೇ ಜೀಪಿನಲ್ಲಿ ಸಾಗಿಸಿದಳು. ಅಲ್ಲಿಂದ ಬಳ್ಳಾರಿಗೆ ಲೈನು ಹಾಕಿದಾಗ ಬೇರೊಬ್ಬಳು ಎತ್ತಿ, ಆ ಅಕ್ಕ ಬದುಕಿದ್ದಾರೆ, ದನಿ ಮಾತ್ರ ಹೋಯಿತು, ಈಗ ಫೈಲಿನ ಕೆಲಸಕ್ಕೆ ಹಾಕಿದ್ದಾರೆ ಎಂದಳು. ಸುಳ್ಳು ಹೇಳಿದ ನಾಚಿಕೆಗೆ ಶಕುಂತಲಾ ಕಾಗದ ಬರೆಯಲಿಲ್ಲ. ನನ್ನನ್ನು ಟ್ರಂಕಿನ ತಳಕ್ಕೆ ಹಾಕಿದಳು.

ಕಥೆ ಮಾತ್ರ ಟ್ರಂಕಿನಲ್ಲಿ ಕೂರಲಿಲ್ಲ. ಹೇಗೋ ಏನೋ, ರಾಯಚೂರು, ಹೊಸಪೇಟೆ, ಕೊಪ್ಪಳ ಎಲ್ಲ ಬೋರ್ಡುಗಳಿಗೂ ಆ ಅಂತ್ಯ ಗೊತ್ತಾಗಿತ್ತು. ಆಪರೇಟರುಗಳು ಲೈನಿಗೆ ಬಂದೊಡನೆ "ಏಳು, ಇದ್ದೀಯೇನು?" ಎಂದು ಕೇಳತೊಡಗಿದರು. ಅವರಿಂದ ಅವರ ಮನೆಗಳಿಗೆ, ಅಲ್ಲಿಂದ ಕಾಲೇಜುಗಳಿಗೆ ಹೋಯಿತು. ಓದದವರೂ ಜೈತೂನ್ ಹೆಸರು ಹೇಳಿ ಕಣ್ಣೊರೆಸಿಕೊಂಡರು. ಪೂರ್ತಿ ಪ್ರತಿ ಗದಗಿನ ಅಕ್ಕೋರ ಕಡೆ ಮಾತ್ರ ಇದೆಯಂತೆ ಎಂಬ ಮಾತೂ ಹಬ್ಬಿತು. ಎಕ್ಸ್‌ಚೇಂಜುಗಳು ಯಂತ್ರವಾದವು, ಶಕುಂತಲಾ ನಿವೃತ್ತಳಾಗಿ ಗದಗಿಗೆ ಮರಳಿದಳು. ಕೇಳಿಕೊಂಡು ಬಂದವರಿಗೆಲ್ಲ ಒಂದೊಂದು ನೆಪ ಹೇಳಿ ಕಳಿಸಿದಳು.

ಕಳೆದ ವರ್ಷ ಧಾರವಾಡದ ಪ್ರಕಾಶಕ ಸಂಗಮೇಶ ಬಂದ. ಲೇಖಕರು ತೀರಿಕೊಂಡಿದ್ದರು, ಅವರ ಮಕ್ಕಳ ಒಪ್ಪಿಗೆ ಪಡೆದಿದ್ದ. "ಇಪ್ಪತ್ತೈದು ಕಂತು ಸಿಕ್ಕಾವ್ರೀ. ಅದರಾಗ ಎಲ್ಲೂ ಜೈತೂನ್ ಅನ್ನೂ ಹೆಸರಿಲ್ಲ. ಓದುಗರು ಅದ ಬೇಕಂತಾರ. ಕೊನೀದು ನಿಮ್ಮ ಕಡೆ ಐತಂತಲ್ಲ?" ಎಂದ. ಹಿಂದೆ ಒಬ್ಬ ಹೆಂಗಸು ನಿಂತಿದ್ದಳು, ಕುತ್ತಿಗೆಗೆ ಸೆರಗು ಸುತ್ತಿಕೊಂಡಿದ್ದಳು. "ಬಳ್ಳಾರಿಯವ್ರು. ತಾವೂ ನೋಡ್ತೀನಂತ ಬಂದಾರ" ಎಂದ. ಅವಳು ಬರೀ ಗಾಳಿಯ ದನಿಯಲ್ಲಿ ಹೇಳಿದಳು: "ಹಲೋ ಗದಗ."

ಶಕುಂತಲಾ ಟ್ರಂಕಿನಿಂದ ನನ್ನನ್ನು ತೆಗೆಯುವಾಗ ಅವಳ ಕೈ ಅಂದಿನಂತೆಯೇ ಬೆವೆತಿತ್ತು. ಸಂಗಮೇಶ ಕೊನೆ ತೆರೆದ. ಬಿಳಿ ಹಾಳೆ ನಾಲ್ಕು, ಹಳದಿಗೆ ತಿರುಗಿದ್ದವು. ಅವನ ಮುಖ ಇಳಿದುಹೋಯಿತು.

"ಬರೇ ಹಾಳಿ ಓದಿದ್ನಿ ಬಳ್ಳಾರಿ," ಎಂದು ಶಕುಂತಲಾ ಅತ್ತಳು. "ನೀ ಆಪರೇಶನ್ನಿಗೆ ಹೊಂಟಾಗ ನಿನಗ ಸುಳ್ಳು ಹೇಳಿದ್ನಿ."

ಜೈತೂನ್ ಅವಳ ಕೈ ಹಿಡಿದಳು. "ಅವತ್ತೇ ಗೊತ್ತಾತು. ಹತ್ತು ನಿಮಿಷ ಓದಿದೆ, ಒಂದು ಸಲಾನೂ ಹಾಳೆ ತಿರುವಿದ ಸದ್ದು ಬರಲಿಲ್ಲ."

"ಮತ್ತ ಎಲ್ಲಾರಿಗೂ ಯಾಕ ಹೇಳಿದಿ?"

"ಆಸ್ಪತ್ರೆಗೆ ಹೋಗೋ ಮುಂಚೆ ಲೈನಿನ ಮೇಲಿದ್ದ ಊರಿಗೆಲ್ಲ ಹೇಳಿ ಹೋದೆ. ನನ್ನ ದನೀಲಿ ನಾನು ಕೊನೇಗೆ ಹೇಳಿದ್ದು ಅದೇ."

ಸಂಗಮೇಶ ಪೆನ್ನು ಮುಂದೆ ಹಿಡಿದ. "ಲೇಖಕರ ಹೆಸರಿನಾಗ ಹಾಕಾಕ ಬರೂದಿಲ್ರೀ. ನಿಮ್ಮ ಹೆಸರಿನಾಗ ಹಾಕ್ತೀನಿ, ಬರೀರಿ." ಶಕುಂತಲಾ ಆಗುವುದಿಲ್ಲ ಎಂದು ತಲೆಯಾಡಿಸಿದಳು. ಅಂದು ಬಾಯಿಗೆ ಬಂದದ್ದು ಹೇಳಿದ್ದಳು, ಒಂದು ಸಾಲೂ ನೆನಪಿರಲಿಲ್ಲ. ಜೈತೂನ್‌ಗೆ ಎಲ್ಲವೂ ನೆನಪಿತ್ತು. ಶಕುಂತಲೆಯ ಕಿವಿಯ ಹತ್ತಿರ ಬಾಗಿ ಒಂದೊಂದೇ ಸಾಲು ಉಸುರಿದಳು, ಶಕುಂತಲಾ ನನ್ನ ಮೇಲೆ ಬರೆದಳು.

ನನಗೆ ಈಗ ವಯಸ್ಸಾಯಿತು, ಹೊಲಿಗೆ ಸಡಿಲವಾಗಿದೆ. ನನ್ನ ವಿಜ್ಞಾನ ತಪ್ಪು, ಕಾಗದ ಅಗ್ಗದ್ದು, ನಾನು ಮುಗಿಯದ ಕಥೆ. ಮುಗಿಯದೆ ಇದ್ದದ್ದಕ್ಕೇ ಜನ ತಮ್ಮ ಹೆಸರು ಇಡಲು ಜಾಗವಿತ್ತೇನೋ. ಆ ದಿನ ಮೊದಲ ಬಿಳಿ ಹಾಳೆ ತುಂಬಿತು. ಶಕುಂತಲಾ ಪೆನ್ನು ಎತ್ತಿದಳು. ಜೈತೂನ್ ಅವಳನ್ನು ತಡೆದು, ತಾನೇ ನನ್ನ ಹಾಳೆಯನ್ನು ನಿಧಾನವಾಗಿ, ಸದ್ದಾಗುವಂತೆ ತಿರುವಿದಳು.