ಮುಚ್ಚಿಯೇ ಕೊಡುತ್ತೇನೆ
ಮ್ಯಾನೇಜರ್ ಬೆರಳು ಮೇಜಿನ ಮೇಲೆ ಟಕಟಕ ಎನ್ನುತ್ತಿದೆ, ಬಡಿಯಲಿ, ಮೇಜು ಮುರಿದರೂ ನಾನು ಆ ಸಾಲು ಬದಲಿಸುವುದಿಲ್ಲ — ಒಂದೇ ಒಂದು ಸಾಲಮ್ಮ, ಆಸ್ಪತ್ರೇಲಿ ನಮ್ಮ ಡೇಟಾಬೇಸ್ ಹಾಕಿದ ಕೂಡ್ಲೇ ರೋಗಿಗಳ ವಿವರ ಯಾರು ನೋಡ್ಬಹುದು ಅನ್ನೋ ಕಡೆ ಯಾರೂ ಇಲ್ಲ ಅಂತಿದೆಯಲ್ಲ, ಅದನ್ನ ಎಲ್ಲರೂ ಅಂತ ಮಾಡು, ಅಷ್ಟೇ — ಅಷ್ಟೇ ಅಂತೆ, ಇವರಪ್ಪನ ಮನೆ ಗಂಟೇನು ಹೋಗಬೇಕು, ಹೋಗುವುದು ರೋಗಿಗಳ ಮಾನ — ಆಸ್ಪತ್ರೆಯವರು ಬೈತಿದಾರೆ ಮೇಡಂ, ಎಲ್ಲದಕ್ಕೂ ಅನುಮತಿ ಕೇಳತ್ತೆ ಅಂತಾರೆ — ಇದು ಮಾರಾಟದವನ ರಾಗ, ಸುಳ್ಳೇನಲ್ಲ, ನರ್ಸಮ್ಮ ಒಬ್ಬಳು ನನಗೇ ಫೋನ್ ಮಾಡಿ ಉಗಿದಳು, ಇಲ್ಲಿ ರೋಗಿ ಒದ್ದಾಡ್ತಿದಾನೆ, ನಿಮ್ಮ ಬೀಗ ಕಟ್ಕೊಂಡು ನಾನೇನ್ ಮಾಡ್ಲಿ, ಉಗಿಸಿಕೊಂಡೆ, ವಾರವಿಡೀ ಕೂತು ಅವಳ ವಾರ್ಡಿನವರ ವಿವರ ಒಂದು ಸಲ ಒತ್ತಿದರೆ ತೆರೆಯುವ ಹಾಗೆ ಮಾಡಿಕೊಟ್ಟೆ, ಬೇಕಾದವರಿಗೆ ಬೇಕಾದಷ್ಟು, ಮಿಕ್ಕವರು ಕೇಳಿ ತೆಗೆಸಿಕೊಳ್ಳಲಿ — ಬೇಡ ಅನ್ನೋರು ಆಮೇಲೆ ಮುಚ್ಕೊಳ್ಳಲಿ ಬಿಡಮ್ಮ — ಯಾರು ಮುಚ್ಚುತ್ತಾರೆ ಸ್ವಾಮಿ, ಕೊಟ್ಟದ್ದು ಕೊಟ್ಟ ಹಾಗೇ ಇರುತ್ತದೆ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಅಕ್ಕ ಹೋಗುತ್ತಿದ್ದ ಆಸ್ಪತ್ರೆಯಲ್ಲಿ ಅದನ್ನೂ ಹಾಕಲಿಲ್ಲ.

ಅಲ್ಲಿದ್ದದ್ದು ಬೇರೆ ಕಂಪನಿಯದು, ಎಲ್ಲರೂ ನೋಡಬಹುದು ಎಂದೇ ಬಂದದ್ದು, ಚೀಟಿ ಕೌಂಟರಿನವನು, ಭಾವನ ಚಿಕ್ಕಪ್ಪನ ಮಗ, ಬೇಜಾರಿಗೆ ಅಕ್ಕನ ಹೆಸರು ಹಾಕಿ ನೋಡಿದ, ಬೀಗ ಒಡೆಯಲಿಲ್ಲ, ಬೀಗವೇ ಇರಲಿಲ್ಲವಲ್ಲ, ಹೆರಿಗೆಯಾದ ಮೇಲೆ ಮನಸ್ಸಿಗೆಂದು ಮಾತ್ರೆ ನುಂಗುತ್ತಿದ್ದಾಳೆ ಎಂದು ಮಧ್ಯಾಹ್ನದೊಳಗೆ ಗಂಡನ ಮನೆಯವರಿಗೆಲ್ಲ ಗೊತ್ತಾಯಿತು, ಗುಣವಾಗುತ್ತಿದ್ದಳು ಅಕ್ಕ, ನಗುವುದಕ್ಕೆ ಶುರುಮಾಡಿದ್ದಳು, ಅವಳತ್ತೆ ಬಂದರು, ತಲೆ ಕೆಟ್ಟೋಳ ಕೈಗೆ ಯಾರಾದ್ರೂ ಕೂಸು ಕೊಡ್ತಾರಾ, ಕೊಡೇ ಇಲ್ಲಿ, ಕಿತ್ತುಕೊಂಡೇ ಹೋದರು, ನಾನು ಪಕ್ಕದಲ್ಲೇ ಇದ್ದೆ, ಅಕ್ಕ ಅಳಲಿಲ್ಲ, ತೋಳು ಇಳಿಸಲಿಲ್ಲ, ಮೊಣಕೈ ಮಡಿಸಿದ ಹಾಗೇ, ಅಂಗೈ ಕೂಸಿನ ತಲೆಯಷ್ಟು ಅಗಲಿಸಿದ ಹಾಗೇ — ಏನಮ್ಮ, ಬದಲಿಸ್ತೀಯೋ, ಬೇರೆಯವರ ಕೈಲಿ ಮಾಡಿಸ್ಲೋ — ಮಾಡ್ಸಿ ಸರ್, ನೋಡೇ ಬಿಡೋಣ, ನಾನು ಒಪ್ಪಿಗೆ ಕೊಡದೆ ಇದು ಹೊರಗೆ ಹೋಗಲ್ಲ, ನಾನು ಕೊಡಲ್ಲ, ಕೆಲಸದಿಂದ ತೆಗೆದ್ರೂ ಕೊಡಲ್ಲ — ಜೋರಾಗಿಯೇ ಅಂದೆನೇ, ಅಂದೆ, ಕೇಳಲಿ, ಏನು ಬೇಕಾದರೂ ಮಾಡಿಕೊಳ್ಳಲಿ, ನನಗೆ ಕಾಣುತ್ತಿರುವುದು ಅದೊಂದೇ, ಮಡಿಸಿದ ತೋಳು, ಒಳಗೆ ಕೂಸಿಲ್ಲ, ಮಡಿಸಿದ ತೋಳು, ಅದು ಮೆಲ್ಲಗೆ ತೂಗುತ್ತಿದೆ —