ಗಿಳಿಯ ರಕ್ತದ ಒಂದು ಹನಿ

ನಮ್ಮತ್ತೆ ಸಾಕಿದ ಗಿಳಿಯ ಹೆಸರು ಮಂತ್ರಿ. ಹೊರಡುವಾಗ ಬಾಗಿಲಲ್ಲಿ ನಿಂತು "ಗ್ಯಾಸ್ ಆರಿಸಿದ್ನಾ?" ಎಂದು ನಾನು ಕೇಳಿಕೊಳ್ಳುವುದನ್ನು ಕಲಿತು, ನನ್ನದೇ ದನಿಯಲ್ಲಿ ಹಂಗಿಸುತ್ತಿತ್ತು. ಅದು ಮಾತನ್ನೂ ಕಾಳನ್ನೂ ಬಿಟ್ಟಾಗ ಅತ್ತೆ ಪಂಜರವನ್ನು ಎದೆಗವಚಿಕೊಂಡು, ನಾನು ಕೆಲಸ ಮಾಡುವ ಪ್ರಾಣಿಗಳ ಆಸ್ಪತ್ರೆಗೆ ಬಂದರು.

ನಾನಿರುವುದು ರಕ್ತಪರೀಕ್ಷೆಯ ಕೋಣೆಯಲ್ಲಿ. ಮನೆಯ ಪ್ರಾಣಿಯ ರಕ್ತವನ್ನು ಮನೆಯವರು ಪರೀಕ್ಷಿಸಬಾರದೆಂಬುದು ಅಲ್ಲಿಯ ಕಟ್ಟಳೆ. ಹಾಗಾಗಿ ಮಂತ್ರಿಯ ರಕ್ತ ನನ್ನ ಜೊತೆಗೆ ಕೆಲಸ ಮಾಡುವ, ನಾನು ಅಕ್ಕ ಎಂದು ಕರೆಯುವ ಹಿರಿಯರ ಕೈ ಸೇರಿತು. ಸೀಸೆಯ ಮೇಲೆ 'ಮಂತ್ರಿ' ಎಂದಷ್ಟೇ ಬರೆದಿತ್ತು. ನಾಯಿ ಬೆಕ್ಕುಗಳ ಸೀಸೆಗಳ ಜೊತೆ ಅದೂ ಯಂತ್ರದೊಳಗೆ ಹೋಯಿತು.

ವರದಿ ಹಿಡಿದು ಬಂದ ಡಾಕ್ಟರು ಅತ್ತೆಯ ಮುಖ ನೋಡಲಿಲ್ಲ. "ಬಿಳಿ ರಕ್ತಕಣ ವಿಪರೀತ ಇದೆಯಮ್ಮ. ಕ್ಯಾನ್ಸರ್ ಇರಬಹುದು. ಹಿಂಸೆ ಕೊಡೋದ್ಯಾಕೆ, ಒಂದು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡೋಣ."

ಅತ್ತೆ ನನ್ನತ್ತ ತಿರುಗಿದರು. "ನೀನೇನಂತೀಯೇ?"

ಎರಡು ಸಲ ನೋಡದೆ ಏನನ್ನೂ ನಂಬಿ ನನಗೆ ಅಭ್ಯಾಸವಿಲ್ಲ. "ಸಾರ್, ಒಂದ್ಸಲ ಮೈಕ್ರೋಸ್ಕೋಪಲ್ಲಿ ನೋಡ್ತೀರಾ? ನಾನು ಮುಟ್ಟಲ್ಲ" ಎಂದೆ.

ಅಕ್ಕ ಗಾಜಿನ ಮೇಲೆ ಒಂದು ಹನಿ ಸವರಿ, ಬಣ್ಣ ಹಾಕಿ ಒಣಗಿಸಿದರು. ಡಾಕ್ಟರು ಕಣ್ಣಿಟ್ಟವರು ಬಹಳ ಹೊತ್ತು ತಲೆಯೆತ್ತಲಿಲ್ಲ.

"ನಾಯಿ ಬೆಕ್ಕಿನ ಯಂತ್ರಕ್ಕೆ ಹಕ್ಕಿ ರಕ್ತ ಕುಡಿಸಿದೀವಲ್ರೀ. ನನ್ನ ತಲೆ ಎಲ್ಲಿತ್ತೋ."

ಅಕ್ಕ ಹಣೆ ಚಚ್ಚಿಕೊಂಡರು. "ಮಂತ್ರಿ ಅಂದ್ರೆ ಯಾವ್ದೋ ದಡೂತಿ ನಾಯಿ ಅಂದ್ಕೊಂಡೆ ಸಾರ್."

ಡಾಕ್ಟರು ಕರೆದ ಮೇಲೆ ನಾನೂ ಬಗ್ಗಿ ನೋಡಿದೆ. ನಾನು ದಿನವೂ ನೋಡುವ ನಾಯಿಯ ಕೆಂಪುಕಣ ದುಂಡಗೆ, ನಡುವೆ ತಗ್ಗು, ನಮ್ಮದೂ ಹಾಗೆಯೇ. ಬಲಿಯುವಾಗ ಅದು ಬೀಜದಂತಿರುವ ತನ್ನ ಕೋಶಕೇಂದ್ರವನ್ನೇ ಹೊರಗೆಸೆದು, ಆ ಜಾಗವನ್ನೂ ಉಸಿರು ಹೊರುವುದಕ್ಕೆ ಬಿಟ್ಟುಕೊಡುತ್ತದೆ. ಗಿಳಿಯದು ಹಾಗಲ್ಲ. ಮೊಟ್ಟೆಯಾಕಾರದ ಕಣಗಳು, ಪ್ರತಿಯೊಂದರ ನಡುವೆಯೂ ಕಡುನೇರಳೆಯ ಬೀಜ. ಆ ಬೀಜಗಳನ್ನೇ ಯಂತ್ರ ಬಿಳಿಕಣವೆಂದು ಎಣಿಸಿತ್ತು. ಏನನ್ನೂ ಎಸೆಯದೆ, ಎಲ್ಲವನ್ನೂ ಹೊತ್ತುಕೊಂಡೇ ಹಕ್ಕಿ ಆಕಾಶಕ್ಕೇರುತ್ತದಲ್ಲ ಎನಿಸಿ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ.

"ಮೀನು, ಕಪ್ಪೆ, ಹಾವು, ಎಲ್ಲಕ್ಕೂ ಬೀಜ ಇರುತ್ತೆ," ಎಂದರು ಡಾಕ್ಟರು. "ಒಂಟೆ ಕಣ ನೋಡಬೇಕು ನೀವು. ಆಕಾರ ಹಕ್ಕೀದರ ಹಾಗೇ ಮೊಟ್ಟೆ ಥರ, ಆದ್ರೆ ಒಳಗೆ ಬೀಜ ಇಲ್ಲ."

ಅತ್ತೆಯೂ ನೋಡಿದರು. "ಹಾಗಾದ್ರೆ ನಮ್ಮದೇ ಖಾಲಿ ಡಬ್ಬ ಅನ್ನಿ."

ಅಕ್ಕ ಬಿಳಿಕಣಗಳನ್ನು ಕಣ್ಣಳತೆಯಲ್ಲೇ ಎಣಿಸಿದರು, ಹೆಚ್ಚೇನೂ ಇರಲಿಲ್ಲ. ಡಾಕ್ಟರು ಮತ್ತೆ ಕೊಕ್ಕು ಬಿಡಿಸಿ ದೀಪ ಹಿಡಿದರು. ನಾಲಿಗೆಯ ಬುಡದಲ್ಲಿ ಕಾಳಿನ ಸಿಪ್ಪೆಯೊಂದು ಚುಚ್ಚಿಕೊಂಡು ಕೀವಾಗಿತ್ತು. ಚಿಮಟದಿಂದ ಕಿತ್ತು, ಔಷಧಿ ಬರೆದುಕೊಟ್ಟರು.

ಕೆಲವು ದಿನಗಳ ನಂತರ ಬೆಳಿಗ್ಗೆ ಹೊರಟವಳು ಅಭ್ಯಾಸದಂತೆ ಬಾಗಿಲಲ್ಲಿ ನಿಂತೆ. ನಾನು ಬಾಯಿ ತೆರೆಯುವ ಮೊದಲೇ ಪಂಜರದಿಂದ ದನಿ ಬಂತು: "ಗ್ಯಾಸ್ ಆರಿಸಿದ್ನಾ?"

"ಹೋಗಿ ನೋಡು," ಎಂದರು ಅತ್ತೆ, "ಕೇಳ್ತಿದೆಯಲ್ಲ."

ಚಪ್ಪಲಿ ಬಿಟ್ಟು ಒಳಗೆ ಹೋದೆ.